ಹನ್ನೊಂದನೇ ಜಾಡಿ

ಮತ್ತೆ ಎಣಿಸಿದೆ. ಎಡಪಕ್ಕೆಯಲ್ಲಿ
ಮೇಲಿನ ಸಾಲು ಇಪ್ಪತ್ತಮೂರು, ಕೆಳಗಿನದು ಇಪ್ಪತ್ತೊಂದು.
ಬಲಪಕ್ಕೆಯಲ್ಲಿ ಒಂದು ಕಡಿಮೆ,
ಅಥವಾ ನನ್ನ ಕಣ್ಣೇ ಒಂದನ್ನು ನುಂಗಿತು.
ಮಾಡಿಗೆ ಹೆಂಚು ಹೊದಿಸಿದ ಹಾಗೆ
ಒಂದರ ಮೇಲೊಂದು ಮೂಳೆಯ ಬಿಲ್ಲೆ.
ಹೆಬ್ಬೆರಳಿನುದ್ದವೂ ಇಲ್ಲದ ಜೀವಕ್ಕೆ
ಯಾವ ಯುದ್ಧಕ್ಕೆಂದು ಇಷ್ಟು ಕವಚ?

ಇಕಿಟೋಸಿನಲ್ಲಿ ಮಧ್ಯಾಹ್ನ. ಫ್ಯಾನು ಬಿಸಿಗಾಳಿಯನ್ನೇ ತಿರುವಿಹಾಕುತ್ತಿದೆ.
ಪುಸ್ತಕ ಠಾಣೆಯ ದಫೇದಾರನ ಹಾಗೆ ಕೇಳುತ್ತದೆ:
ಮೂತಿ ಚೂಪೋ, ಮೊಂಡೋ?
ಕಣ್ಣಿನ ಮೇಲೆ ಕಪ್ಪು ಪಟ್ಟಿ ಉಂಟೋ?
ಬೆನ್ನುರೆಕ್ಕೆಯ ಮಸಿ ಮೈಗೆ ಇಳಿದಿದೆಯೋ, ಅಲ್ಲೇ ನಿಂತಿದೆಯೋ?
ಇಳಿದಿದ್ದರೆ ಒಂಬತ್ತನೇ ಪ್ರಶ್ನೆಗೆ ಹೋಗು,
ಇಲ್ಲದಿದ್ದರೆ ಹದಿನಾಲ್ಕಕ್ಕೆ.
ಒಂಬತ್ತಕ್ಕೆ ಹೋದೆ. ಅದು ಹದಿನಾಲ್ಕಕ್ಕೆ ಅಟ್ಟಿತು.

ಇದನ್ನು ಹಿಡಿದವನು ಎಲೆಸ್ಬಾನ್ ತಾಪುಯಿಮಾ.
ಆ ರಾತ್ರಿ ನಾನೂ ದೋಣಿಯಲ್ಲಿದ್ದೆ.
ನನಾಯ್ ನದಿಯ ಒಂದು ಕವಲು, ಹಾಲು ಹಾಕದ ಚಹಾದಂಥ ನೀರು,
ಕಾಲಿಟ್ಟರೆ ಮೊಣಕಾಲುದ್ದ ಕೊಳೆತ ಎಲೆ.
ಬಲೆ ಎತ್ತಿದರೆ ನೂರಾರು ಶಿರುಯಿ
(ಅಲ್ಲಿ ಇವಕ್ಕೆಲ್ಲ ಅದೊಂದೇ ಹೆಸರು)
ಮುಳ್ಳು ಸೆಟೆಸಿ ನೂಲಿಗೆ ಕಚ್ಚಿಕೊಂಡಿದ್ದವು.
ಟಾರ್ಚು ಆರಿಸು, ಅಂದ ಮುದುಕ.
ಕತ್ತಲಲ್ಲೇ ಒಂದೊಂದಾಗಿ ಬಿಡಿಸುತ್ತ,
ಚುಚ್ಚಿದಾಗಲೆಲ್ಲ ಅದರ ತಾಯಿಯನ್ನು ಬೈಯುತ್ತ,
“ಇದು ಬೇರೆ” ಎಂದು ಒಂದನ್ನು ನನ್ನ ಬಕೆಟ್ಟಿಗೆ ಹಾಕಿದ.
ಹೇಗೆ ಗೊತ್ತು?
“ಉಳಿದವುಗಳ ಉರಿ ಮಣಿಕಟ್ಟಿಗೆ ನಿಲ್ಲುತ್ತದೆ.
ಇದರದ್ದು ಮೊಣಕೈವರೆಗೆ ಏರುತ್ತದೆ.”

ಬೆಳಗ್ಗೆ ಬಕೆಟ್ಟಿನಲ್ಲಿ ಅದು
ಥಟ್ಟನೆ ಮೇಲಕ್ಕೆ ಚಿಮ್ಮಿ, ಒಂದು ಗುಟುಕು ಗಾಳಿ ಕುಡಿದು,
ಏನೂ ಆಗದವರಂತೆ ತಳಕ್ಕೆ ಹೋಗಿ ಕೂತಿತು.
ಕಿವಿರಿನ ಹಿಂದೆ ಹಸಿರು, ಜೀರುಂಡೆ ಬೆನ್ನಿನ ಹಸಿರು.
ಕಣ್ಣು ಹೊರಳಿಸಿತು, ನನಗೇ ಕಣ್ಣು ಹೊಡೆದ ಹಾಗೆ.
“ಹಸಿರು” ಎಂದು ಬರೆದುಕೊಂಡೆ. ಆಮೇಲೆ
ಫಾರ್ಮಲಿನ್ ಸುರಿದೆ.

ಈಗ ಹಸಿರಿಲ್ಲ.
ಒದ್ದೆ ರಟ್ಟಿನ ಬಣ್ಣದ ಒಂದು ಮೈ,
ಹತ್ತನೇ ಜಾಡಿಯಲ್ಲಿರುವ ಮೈಯಂಥದ್ದೇ,
ಹನ್ನೆರಡನೆಯದರ ಹಾಗೂ.
ಮೀಸೆ ಮಾತ್ರ ಇನ್ನೂ ಕೆಳಕ್ಕೆ ಚಾಚಿದೆ
ಗಾಜಿನ ತಳದಲ್ಲಿ ಎಲೆ ತಡಕುವಂತೆ.

ಚೀಟಿಯಲ್ಲಿ ಖಾನೆಗಳಿವೆ:
ಜಾಗ, ತಾರೀಕು, ಆಳ, ಹಿಡಿದವರು, ಜಾತಿ.
ನಾಲ್ಕು ತುಂಬಿದೆ.
ಉರಿಗೆ ಖಾನೆಯಿಲ್ಲ.

ಹೆಸರು ಸಿಕ್ಕಿತಾ, ಎಂದರು ಸೊಯಿಲಾ ಮೇಡಂ
ಬಾಗಿಲಿನಿಂದಲೇ, ಸಂಜೆಯ ಪಾರ್ಸೆಲ್ಲಿನ ಅವಸರದಲ್ಲಿ.
ನಾನಾಗಲೇ ಕೈಗವಸು ಕಳಚಿದ್ದೆ.
ಚಿಮಟದಲ್ಲಿ ಮೀನು ಹಿಡಿದು
ಬೆನ್ನಿನ ಮುಳ್ಳಿಗೆ ಬೆರಳು ಒತ್ತಿದ್ದೆ.
ಸತ್ತದ್ದೂ ಚುಚ್ಚುತ್ತದೆ.
ಒಂದು ಹನಿ ರಕ್ತ, ಚುರುಚುರು ಸ್ಪಿರಿಟ್ಟು.
ಅದು ಎಲ್ಲರ ಗಾಯಕ್ಕೂ ಒಂದೇ.

“ಇನ್ನೂ ಇಲ್ಲ, ಮೇಡಂ” ಎಂದೆ
ಮೊಣಕೈ ನೋಡುತ್ತ.