ಕಡ ತಂದ ಮೂಗು

ಗ್ಯಾಸಿಗೆ ತಂದಂತ ವಾಸನಿ ಇಲ್ಲರಿ.
ಬಂದದ್ದು ತಿಳಿಯೂದಿಲ್ಲ, ತುಂಬಿದ್ದು ತಿಳಿಯೂದಿಲ್ಲ.
ನಾರೂದೇನೈತಿ, ಅದನ್ನ ಬ್ಯಾರೆ ತಂದು ಬೆರಸತಾರ.
ಗಂಧಕದ್ದು, ಮರ್ಕ್ಯಾಪ್ಟನ್ ಅಂತ ಹೆಸರು,
ಸಿಲಿಂಡರಿಗೆ ನಾಕು ಹನಿ ಇದ್ದೀತು, ಅಷ್ಟ.

ಅಮರಗೋಳ ಎಪಿಎಂಸಿಯೊಳಗ
ಮಳಿ ಹೊಡದ ಉಳ್ಳಾಗಡ್ಡಿ ಚೀಲ
ಮೂರು ದಿನ ಬಿಟ್ಟು ಬಿಚ್ಚಿ ನೋಡ್ರಿ:
ಅದರ ಖಾಸಾ ತಮ್ಮ.

ಮೂವತ್ತು ವರ್ಷ ಹಳೇ ಹುಬ್ಬಳ್ಳಿ ಅಡಗಿಮನಿಗಳಿಗೆ
ನನ್ನ ಮೂಗು ಮುಂದ ಹೋಗತಿತ್ತು, ಪಾನಾ ಹಿಂದ.
ಹೊಚ್ಚಲ ದಾಟೂದರೊಳಗ ಹೇಳತಿದ್ದೆ,
ರೆಗ್ಯುಲೇಟರ್ ಅಲ್ಲ ಅಕ್ಕಾರ, ಪೈಪು.

ಆ ವರ್ಷದ ಜ್ವರ ಹೋಗೂಮುಂದ
ಮೂಗನ್ನೂ ಕರಕೊಂಡು ಹೋತು.
ಮಾರಿ ಮ್ಯಾಲ ಐತಿ ಖರೆ,
ಕೀಲಿ ಹಾಕಿದ ಅಂಗಡಿ ಬೋರ್ಡಿನಂಗ.

ಈಗ ಟಿವಿಎಸ್ ಹಿಂದ ದಾವಲಬಿ ಕೂತು ಬರತಾಳ.
ಆಕಿ ಮೂಸತಾಳ, ನಾ ತಿರುವತೀನಿ.
ಮೊನ್ನೆ ಗುರುಸಿದ್ದವ್ವ ಮೊರಬದ ನಕ್ಕು ಕೇಳಿದಳು,
"ಏನ್ರಿ ಸಾಬರ, ಜೋಡಿ ರಿಪೇರಿ?"
ಆಕಿ ಬೆರಳು ತೋರಿಸಿದಲ್ಲೆ ಸಾಬೂನ ನೊರಿ ಹಚ್ಚಿದೆ.
ಗುಳ್ಳಿ ಎದ್ದಿತು, ಒಡೀತು, ಮತ್ತ ಎದ್ದಿತು.
"ಇಂಥಾ ಹೊಲಸು ವಾಸನಿ ಯಾವಾವ ಹಾಕತಾನೋ ಏನೋ."
ಅವನ ಹೊಟ್ಟಿ ತಣ್ಣಗಿರಲಿ ಅಂದೆ.

ನಮ್ಮಪ್ಪನ ಎದಿನೋವಿಗೆ ಯಾರೂ ನಾಕು ಹನಿ ಹಾಕಿರಲಿಲ್ಲ.
ದಿನಾ ಪೂರ್ತಿ ಹತ್ತಿ ಹಿಂಜಿ, ಎರಡು ಗಾದಿ ತುಂಬಿ ಬಂದಾವ,
ಚಾ ಕುಡದು ಗ್ವಾಡಿಗೆ ಆನಿಕೊಂಡಾವ
ಹಂಗ ಸೋರಿ ಹೋದ.
ನಾವು ಬಾಜೂಕ ಕೂತು
ವಾರ್ಡಿನ ಇಲೆಕ್ಷನ್ ಮಾತಾಡಕೋತ ಇದ್ದಿವಿ.
ಬಸಿಯೊಳಗ ಚಾ ಇನ್ನಾ ಬೆಚ್ಚಗಿತ್ತು.

ರಾತ್ರಿ ಎದ್ದೆದ್ದು ಕೇಳತೀನಿ, ಬರಾಕತ್ತೈತೇನು?
ಕತ್ತಲದಾಗ ದಾವಲಬಿ ಒಲಿ ತನಕಾ ಹೋಗಿ
ಗುಂಡಿ ಮುಟ್ಟಿ, ಬಗ್ಗಿ, ನಿಂತು, ಬರತಾಳ.
"ಏನಿಲ್ಲ. ಮಕ್ಕೊ."
ಬಳ್ಳೊಳ್ಳಿ ಸುಲದ ಕೈ ನನ್ನ ಮಾರಿ ಮ್ಯಾಲ ಇಡತಾಳ.
ಅದೂ ಗಂಧಕನ ಅಂತ,
ಟ್ರೇನಿಂಗಿನ್ಯಾಗ ಸಾಹೇಬರು ಹೇಳಿದ್ದರು.
ಉಸರು ಎಳಕೋತೀನಿ. ಇಲ್ಲ.
ಬೆರಳು ಒರಟು, ಬಿಸಿ,
ಉಗರಿನ ಸಂದ್ಯಾಗ ಒಂದೀಟು ಸಿಪ್ಪಿ.
ಮದುವಿ ಆದ ವರ್ಷದ ಅಡಗಿಮನಿ ನೆನಸಿಕೊಂಡು
ಇನ್ನೊಮ್ಮೆ ಎಳಕೋತೀನಿ.