ಸೊಟ್ಟ ಸಾಲು

ಚಹಾದ ಗಿಡ ನಾನು ಕಂಡಿಲ್ಲ,
ಸಂಡೂರು ಬಸ್‌ಸ್ಟ್ಯಾಂಡಿನ ಗ್ಲಾಸಿನಾಗ ಕಂಡದ್ದಷ್ಟ.
ಪೇಚಿಯಮ್ಮ ಕಂಡಾಳ. ವಾಲ್ಪಾರೈ ಗುಡ್ಡದಾಗ
ಇಪ್ಪತ್ತು ವರ್ಷ ಎಲಿ ಕಿತ್ತ ಬೆರಳು ಅವು,
ಈಗ ನಮ್ಮ ಜೋಡಿ, ಗಣಿ ಬಿಸಾಕಿದ ಮಣ್ಣಿನ ದಿಬ್ಬದ ಮ್ಯಾಲೆ
ಲಾವಂಚ ನೆಡತಾವ.

"ಎಳೆ ತೋಟ ಕೂಸಿದ್ದಂಗ," ಅಂತಾಳ ಹರಕು ಕನ್ನಡದಾಗ,
"ಅದರ ಬೇರು ಮಣ್ಣು ಹಿಡಿಯಾಕ ನಾಲ್ಕು ವರ್ಷ ಬೇಕು.
ಅಲ್ಲೀಮಟ ಹುಲ್ಲು ಹಿಡೀಬೇಕು. ಕಳೆ ಅಂತ ಕೀಳಬ್ಯಾಡ್ರಿ,
ಕೊಯ್ದು ಅಲ್ಲೇ ಹಾಸ್ರಿ."
ಹುಟ್ಟಿದಾಗಿಂದ ಕಳೆ ಕಿತ್ತ ಕೈ ನಮ್ಮವು.
ಒಂದು ವಾರ ಮಾತು ಕೇಳಲಿಲ್ಲ.

ಎರಡು ಬಿದಿರಗಳ, ನಡುವ ಒಂದು ಅಡ್ಡಪಟ್ಟಿ,
ತುದಿಯಿಂದ ಇಳಿಬಿಟ್ಟ ದಾರ, ದಾರಕ್ಕ ಕಲ್ಲು.
ದಾರ ಪಟ್ಟಿಯ ಗೆರಿಗೆ ಬಂದು ನಿಂತರ
ಎರಡೂ ಕಾಲು ಒಂದ ಮಟ್ಟ.
ಅಲ್ಲೊಂದು ಗೂಟ. ತಿರುವು. ಮತ್ತೊಂದು ಗೂಟ.
ಗಾಳಿಗೆ ಕಲ್ಲು ತೂಗಿದರ
ಖಾಜಾಬಿ ಸೆರಗು ಅಡ್ಡ ಹಿಡೀತಾಳ
ದೀಪಕ್ಕ ಹಿಡಿದಂಗ.

ಹಿಂಗ ಹೋದ ಸಾಲು ನೆಟ್ಟಗಿರೂದಿಲ್ಲ,
ದಿಬ್ಬದ ಹೊಟ್ಟಿ ಬಳಸಿ, ಕೊರಕಲಿಗೆ ಒಳಗ ಬಾಗಿ
ಹಾವು ಹೋದಂಗ ಹೋಗತೈತಿ.
ಸೂಪರ್‌ವೈಜರ್ ವಿರೂಪಣ್ಣಗ ಸೇರಲಿಲ್ಲ.
"ಫೋಟೋದಾಗ ಏನು ಕಾಣತೈತಿ ಇದು? ಹಗ್ಗ ಹಿಡೀರಿ."
ಮೂಡಲ ಬದಿಗೆ ಹನ್ನೊಂದು ಸಾಲು ಹಗ್ಗ ಹಿಡಿದು ಹಾಕಿಸಿದ,
ಪ್ರಾರ್ಥನಾಕ ನಿಂತ ಸಾಲಿ ಹುಡುಗರಂಗ.
ಚಂದ ಇತ್ತು, ಸುಳ್ಳ್ಯಾಕ.

ಆರಿದ್ರಿ ಮಳಿ ಒಂದ ರಾತ್ರ್ಯಾಗ ಬಿತ್ತು.
ತಗಡಿನ ಸದ್ದಿಗೆ ನಿದ್ದಿ ಬರಲಿಲ್ಲ,
ಒಂದೊಂದು ಬುಡಾನೂ ಕಣ್ಮುಂದ.

ಮುಂಜಾನೆ ಹತ್ತಿ ನೋಡಿದರ
ಹಗ್ಗದ ಸಾಲಿನ ನಡುವ ನೀರು ದಾರಿ ಕಂಡುಕೊಂಡಿತ್ತು.
ಲಾವಂಚ ಕೆಳಗಿನ ಗಟಾರದಾಗ
ಬೇರು ಮ್ಯಾಲೆ ಮಾಡಿ ಮಲಗಿದ್ದವು.
ಇತ್ತಲಾಗ, ಸೊಟ್ಟ ಸಾಲಿನ ಹಿಂದ,
ನೀರು ನಿಂತು, ಚೂರು ವಿಚಾರ ಮಾಡಿ,
ಹೊತ್ತ ಮಣ್ಣು ಇಳಿಸಿ
ಬರೀಗೈಲೆ ಇಳಿದು ಹೋಗಿತ್ತು.

ವಿರೂಪಣ್ಣ ಫೋಟೋ ತಗೀಲಿಲ್ಲ. ಬಾಳ ಹೊತ್ತು ನಿಂತ.
ಆಮ್ಯಾಲೆ ತಾನ ಹೋಗಿ ಆ ಬಿದಿರಕಾಲು ಹೊತ್ತು ತಂದ.

ಕೆಳಗ ನಾರಿಹಳ್ಳಕ್ಕ ಕೂಡೂ ಕಾಲುವ್ಯಾಗ
ಪೇಚಿಯಮ್ಮ ಚಹಾದ ಗ್ಲಾಸು ಅದ್ದಿ ತಂದು
ಶೆಡ್ಡಿನ ಕಿಟಕಿಗಿಟ್ಟಳು. ಕೆಂಪು. ಹಾಲಿಲ್ಲದ ಚಹಾ.
ಮಧ್ಯಾಹ್ನಕ್ಕ ತಿಳಿಯಾತು. ತಳದಾಗ ಕುಂತ ಮಣ್ಣು
ಹೋದ ವರ್ಷ ಎರಡು ಬೆರಳು,
ಈ ಸಲ ಒಂದು, ಮ್ಯಾಲೆ ಉಗುರಿನಷ್ಟು.

ಖಾಜಾಬಿ ಗ್ಲಾಸು ತಿರುವಿ ತಿರುವಿ ನೋಡಿದಳು.
"ಇನ್ನೂ ಒಂದು ಬೆರಳು ಹೋಗತೈತಲ್ಲ," ಅಂದಳು.
ಮಣ್ಣು ಕದಡದಂಗ ಮ್ಯಾಲಿನ ನೀರು ಚೆಲ್ಲಿ,
ಉಳಿದದ್ದು ಒಯ್ದು
ಮೊದಲನೇ ಸಾಲಿನ ಬುಡಕ್ಕ ಸುರುವಿದಳು.