ಹೊಸದಕ್ಕೆ ಸಮಾನ

ವಾರಂಟಿ ಮುಗಿಯಲು ಹತ್ತೊಂಬತ್ತು ದಿನ ಇರುವಾಗ
ಪರದೆಯ ನಡುವೆ ಹಸಿರು ಗೆರೆಯೊಂದು ಎದ್ದು ನಿಂತಿತು,
ನೂಲು ಹಿಡಿದು ಎಳೆದ ಹಾಗೆ, ನೆಟ್ಟಗೆ.
ಬೀಳಿಸಿರಲಿಲ್ಲ. ನೆನೆಸಿರಲಿಲ್ಲ.
ಮೀನಿಗೆ ಹೊಗೆ ಹಾಕುವ ಗೂಡಿನ ಹತ್ತಿರಕ್ಕೂ ಒಯ್ದಿರಲಿಲ್ಲ.
(ಒಯ್ದಿದ್ದೆ. ಕಂಪನಿಗೆ ಹೇಳಲಿಲ್ಲ.)

ಕ್ಲೈಪೆಡಾ ಬಂದರಿನ ಹಿಂದಿನ ಅಂಗಡಿಯಲ್ಲಿ
ಹುಬ್ಬಿಗೆ ಮುತ್ತು ಚುಚ್ಚಿಕೊಂಡ ಹುಡುಗ
ನಾಡಿ ನೋಡುವವನಂತೆ ಅದನ್ನು ಹಿಡಿದು
"ರಿಪೇರಿ ಆಗೋದಲ್ಲ ಇದು, ಬದಲಿ ಬರುತ್ತೆ" ಅಂದ.
ಎರಡು ವಾರ ನನ್ನ ಜೇಬು
ಹಲ್ಲು ಕಿತ್ತ ಜಾಗ.
ಕೈ ಅಲ್ಲಿಗೇ ಹೋಗುತ್ತಿತ್ತು, ನಾಲಿಗೆ ಹೋದಂತೆ.

ಬದಲಿ ಬಂತು.
ಸೂಪರ್ ಮಾರ್ಕೆಟ್ಟಿನ ಹೊರಗೋಡೆಯ ಪಾರ್ಸೆಲ್ ಗೂಡು
ಸಂಖ್ಯೆ ಒತ್ತಿದರೆ ಟಪ್ಪೆಂದು ಬಾಯಿ ಬಿಟ್ಟಿತು.
ಬಿಳಿ ಡಬ್ಬಿ. ಚಿತ್ರವಿಲ್ಲ, ಚಾರ್ಜರಿಲ್ಲ.
ಒಂದು ಚೀಟಿ: ನವೀಕರಿಸಿದ ಸಾಧನ. ಹೊಸದಕ್ಕೆ ಸಮಾನ.

ಸಮಾನವಂತೆ!
ನಿನ್ನೆಯ ಹೆರಿಂಗ್ ಮೀನನ್ನು ನಾನು
ಇವತ್ತಿನದಕ್ಕೆ ಸಮಾನ ಎಂದು ಮಾರಿದ್ದರೆ
ಸಂತೆಯ ಹೆಂಗಸರು ತಕ್ಕಡಿ ಸಮೇತ
ನನ್ನನ್ನು ಕಡಲಿಗೆ ಎಸೆಯುತ್ತಿದ್ದರು.

ಕಿಟಕಿಯ ಬೆಳಕಿಗೆ ಹಿಡಿದೆ.
ಗಾಜು ಹೊಸದು. ಬೆನ್ನು ಹೊಸದು.
ಕಲಾಯಿ ಹಾಕಿದ ಪಾತ್ರೆಯ ಹೊಳಪು;
ಒಳಗಿನ ತಾಮ್ರ ಎಷ್ಟು ಒಲೆ ಕಂಡಿದೆಯೋ.
ಚಾರ್ಜಿನ ತೂತಿನ ಅಂಚು ಮಾತ್ರ
ಸವೆದಿತ್ತು, ಎಡಗಡೆಗೆ ಹೆಚ್ಚು.
ಯಾರೋ ಕತ್ತಲಲ್ಲಿ, ಹಾಸಿಗೆಯಿಂದ ಏಳದೆ,
ತಡಕಿ ತಡಕಿ ಚುಚ್ಚಿದ್ದಾರೆ, ಎಷ್ಟೋ ರಾತ್ರಿ.
ಎಡಗೈಯವರಿರಬೇಕು.
ಸ್ಪೀಕರಿನ ಜಾಲರಿಯಲ್ಲಿ ಒಂದೇ ಒಂದು ಮಿಂಚಿನ ಕಣ,
ನೀಲಿ. ಮಗುವಿನ ಹುಟ್ಟುಹಬ್ಬದ್ದೋ, ಕೆನ್ನೆಗೆ ಬಳಿದದ್ದೋ.
ತೆಗೆಯಲೆಂದು ಸೂಜಿ ಹುಡುಕಿ ತಂದವನು
ಸೂಜಿ ಹಿಡಿದು ಹಾಗೇ ಕೂತೆ.

ನನ್ನದನ್ನೂ ಎಲ್ಲೋ ಬಿಚ್ಚುತ್ತಿರಬಹುದು ಈಗ.
ಕೈಗವಸಿನ ಹುಡುಗಿಯೊಬ್ಬಳು
ಹಸಿರು ಗೆರೆಯನ್ನು ಕಿತ್ತು ಬಿಸಾಡಿ,
ಹೊಗೆಯ ವಾಸನೆಗೆ ಮೂಗು ಮುರಿದು,
ಇದೇ ಚೀಟಿ ಅಂಟಿಸುತ್ತಾಳೆ.
ಮುಂದೆ ಯಾವುದೋ ಊರಿನ ಶಾಲೆ ಮೇಷ್ಟ್ರು
ಅದನ್ನು ಕಿವಿಗಿಟ್ಟು, ಮಾತಿನ ನಡುವೆ,
ಯಾಕೋ ಹಾವುಮೀನು ನೆನೆದು ಹಸಿಯುತ್ತಾರೆ.

ಆಮೇಲೆ ಶುರುವಾಯಿತು ಬೆರಳಿನ ಪಂಚಾಯ್ತಿ.
"ಬೆರಳಿಡಿ" ಎಂದಿತು. ಇಟ್ಟೆ.
"ಮತ್ತೆ ಇಡಿ." ಇಟ್ಟೆ.
ಮೂವತ್ತೊಂದು ವರ್ಷ ಉಪ್ಪುನೀರಿನಲ್ಲಿ ಅದ್ದಿದ ಬೆರಳು,
ಗೆರೆಗಳೆಲ್ಲ ಆ ನೀರಿಗೇ ಸಂದಿವೆ.
ಹೆಬ್ಬೆರಳು, ತೋರುಬೆರಳು, ಕೊನೆಗೆ ಕಿರುಬೆರಳೂ:
"ಗುರುತು ಸಿಗಲಿಲ್ಲ."
ಹಳೆಯದು ಹೇಗೋ ಒಪ್ಪಿಕೊಂಡಿತ್ತಲ್ಲ!
ನಮ್ಮ ಕಡೆ ಬೈಗುಳವೆಂದರೆ ಕಪ್ಪೆ, ಹಾವು, ಅಷ್ಟೇ.
ಎರಡೂ ಬೈದೆ.

ಒಲೆಯ ಮುಂದಿದ್ದ ಗ್ರಾಜಿನಾ ತಿರುಗಿ ನೋಡಲಿಲ್ಲ.
"ಬಂದು ಗಂಟೆಯಾಗಿಲ್ಲ, ಆಗಲೇ ಜಗಳವೇ?
ನಾನು ಬಂದಾಗ ಯಾವ ಡಬ್ಬಿಯಲ್ಲಿ ಬಂದೆ?
ಚಮಚ ಯಾವ ಡ್ರಾಯರಿನಲ್ಲಿ ಅಂತ
ಆರು ತಿಂಗಳು ನನ್ನ ಕೈ ಹಳೇ ಅಡುಗೆಮನೆಗೇ ಹೋಗುತ್ತಿತ್ತು.
ನೀನಾದರೂ ಏನು, ವೈಡೋಟಸ್, ನಿದ್ದೆಯಲ್ಲಿ
ಅವಳ ಹೆಸರಿಂದ ನನ್ನನ್ನು ಕರೆದೆ. ಎರಡು ಸಲ.
ಓಗೊಟ್ಟೆನಲ್ಲ."

ನಾವು ಕೂಡಾವಳಿಯಾದವರು; ಇಬ್ಬರಿಗೂ ಇದು ಎರಡನೆಯದು.
ಈ ಮಾತನ್ನು ಅವಳು ಏಳು ವರ್ಷದಲ್ಲಿ
ಒಮ್ಮೆಯೂ ಆಡಿರಲಿಲ್ಲ.
ಆಲೂಗಡ್ಡೆ ಪಾತ್ರೆಯ ಮುಚ್ಚಳ ಕಟಕಟ ಕುಣಿಯುತ್ತಿತ್ತು.

ಕೈ ಒರೆಸಿಕೊಂಡು ಬಂದಳು.
ತೋರುಬೆರಳನ್ನು ಗಾಜಿಗಿಟ್ಟು, ಎತ್ತಿ,
ಇಟ್ಟು, ಎತ್ತಿ. ಪುಟ್ಟ ಸುತ್ತು ತುಂಬಿಕೊಂಡಿತು.
ಫೋನು ಒಮ್ಮೆ ಮೈ ನಡುಗಿಸಿ ಒಪ್ಪಿತು.

ಈಗ ಅದು ತೆರೆಯುವುದು ಅವಳ ಬೆರಳಿಗೆ.
ನನಗೆ ಆರು ಅಂಕಿಯ ಬಳಸುದಾರಿ.
ನೀಲಿ ಕಣ ಅಲ್ಲೇ ಇದೆ; ಸೂಜಿ ಡಬ್ಬಿಗೆ ಮರಳಿತು.
ರಾತ್ರಿ ದೀಪ ಆರಿಸಿದ ಮೇಲೆ ಚಾರ್ಜಿಗಿಡುವಾಗ
ವೈರು ತಾನಾಗಿ ಎಡಕ್ಕೆ ವಾಲುತ್ತದೆ.
ವಾಲಲಿ ಎಂದು ಬಿಡುತ್ತೇನೆ.